ಬ್ರ್ಯಾಂಡ್ ಹೆಸರು ಯಾವ್ದೋ, ಮಾಡಿದ್ದು ಯಾರೋ: ಫರ್ನಿಚರ್ ಎಲ್ಲಿ ತಯಾರಾಯ್ತು ಅಂತ ಹುಡುಕೋದು ಹೇಗೆ

ದಾವಣಗೆರೆಯಲ್ಲಿ ಅಕ್ಕನ ಮನೆ ಗೃಹಪ್ರವೇಶಕ್ಕೆ ಅಂತ ಭಾವ ಆಸೆಪಟ್ಟು ಒಂದು ಡೈನಿಂಗ್ ಟೇಬಲ್ ಸೆಟ್ ತಗೊಂಡಿದ್ರು, 6 ಚೇರು. ಶೋರೂಮಿನವರು ಇಂಪೋರ್ಟೆಡ್ ಸಾರ್ ಅಂದಿದ್ರು, ಬ್ರ್ಯಾಂಡ್ ಹೆಸರು ಕೇಳಿದ್ರೆ ಇಟಲಿಯದ್ದೇ ಇರ್ಬೇಕು ಅನ್ನೋ ಥರ ಇತ್ತು. ಐದು ತಿಂಗಳಾಗಿತ್ತು ಅಷ್ಟೇ, ನಾಲ್ಕು ಚೇರಿನ ಕಾಲ ಬುಡದಲ್ಲಿ ದಿನಾ ಬೆಳಗ್ಗೆ ಸಣ್ಣ ಹಿಟ್ಟಿನ ಥರ ಪುಡಿ, ಅಕ್ಕ ಗುಡಿಸಿ ಹಾಕೋದು, ಮಾರನೇ ದಿನ ಮತ್ತೆ ಅಷ್ಟೇ ಪುಡಿ. ಮರ ಕೊರೆಯೋ ಕುಟ್ಟೆ ಹುಳ ಹಿಡಿದಿತ್ತು. ಶೋರೂಮಿಗೆ ಹೋದ್ರೆ ನಾವು ಮಾರೋರು ಅಷ್ಟೇ, ಕಂಪನಿಗೆ ಕೇಳಿ ಅಂದ್ರು, ಕಂಪನಿ ನಂಬರಿಗೆ ಫೋನ್ ಮಾಡಿದ್ರೆ ಅವರು ಫ್ಯಾಕ್ಟರಿಯವರನ್ನ ಕೇಳ್ಬೇಕು ಮೇಡಂ ಅಂದ್ರು, ಯಾವ ಫ್ಯಾಕ್ಟರಿ ಅಂದ್ರೆ ಲೈನ್ ಕಟ್. ಕೊನೆಗೆ ಅಕ್ಕ ನನಗೆ ಫೋನ್ ಮಾಡಿ, "ಲೋ, ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಈ ಚೇರು ಮಾಡಿದ ಪುಣ್ಯಾತ್ಮ ಯಾರು ಅಂತ ಹುಡುಕಿ ಕೊಡು" ಅಂದ್ಳು.

ಹುಡುಕಿದೆ, ಎರಡು ವಾರ ಹಿಡೀತು, ಆದ್ರೆ ಸಿಕ್ತು. ಆವಾಗಿಂದ ನೆಂಟರು, ಆಫೀಸಿನವರು ಯಾರೇ ಸೋಫಾ ಮಂಚ ತಗೊಂಡ್ರೂ ನನ್ನನ್ನ ಕೇಳ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಾ ಇದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಇದು ಚೈನಾದ್ದು ಕೆಟ್ಟದ್ದು ನಮ್ಮದು ಒಳ್ಳೇದು ಅನ್ನೋ ಲೆಕ್ಕಾಚಾರ ಅಲ್ಲವೇ ಅಲ್ಲ. ಪೀಣ್ಯದ ಶೆಡ್ಡಲ್ಲಿ ಮಾಡಿದ ಬೀರು ಇಪ್ಪತ್ತು ವರ್ಷ ಬಾಳಿಕೆ ಬಂದಿರೋದನ್ನ ನೋಡಿದೀನಿ. ವಿಷಯ ಏನಂದ್ರೆ ಸಾಮಾನು ಕೈ ಕೊಟ್ಟಾಗ ಅದನ್ನ ಮಾಡಿದವರ ಹೆಸರು ವಿಳಾಸ ನಮ್ಮ ಕೈಯಲ್ಲಿ ಇರ್ಬೇಕು, ಬ್ರ್ಯಾಂಡ್ ಅನ್ನೋದು ಎಷ್ಟೋ ಸಲ ಬರೀ ಒಂದು ಹೆಸರು, ಆ ಹೆಸರಿಗೆ ಗರಗಸವೂ ಇರಲ್ಲ ಉಳಿಯೂ ಇರಲ್ಲ.

ಮೊದಲ ಜಾಗ ಬಾಕ್ಸು, ಅಂದ್ರೆ ಸಾಮಾನು ಬಂದ ರಟ್ಟಿನ ಡಬ್ಬ. ನಾವೆಲ್ಲ ಮಾಡೋ ತಪ್ಪು ಒಂದೇ, ಫಿಟ್ಟಿಂಗ್ ಹುಡುಗರು ಬಂದು ಜೋಡಿಸಿ ಹೋದ ತಕ್ಷಣ ರಟ್ಟೆಲ್ಲ ಗುಜರಿಯವನಿಗೆ ಕೊಟ್ಟು ಮನೆ ಕ್ಲೀನ್ ಮಾಡ್ಕೊಂಡ್ಬಿಡೋದು. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಅಂತ ಇದೆ, ಅದರ ಪ್ರಕಾರ ಪ್ಯಾಕ್ ಮಾಡಿ ಮಾರೋ ಸಾಮಾನಿನ ಮೇಲೆ ತಯಾರಿಸಿದವರ ಹೆಸರು ಪೂರ್ತಿ ವಿಳಾಸ ಇರ್ಬೇಕು, ಪ್ಯಾಕ್ ಮಾಡಿದವರು ಬೇರೆ ಆಗಿದ್ರೆ ಅವರದ್ದೂ ಇರ್ಬೇಕು, ಹೊರಗಿಂದ ತರಿಸಿದ್ದಾದ್ರೆ ತರಿಸಿದವರ ಹೆಸರು ವಿಳಾಸ ಮತ್ತೆ ಯಾವ ದೇಶದ್ದು ಅಂತ ಇರ್ಬೇಕು, ತಿಂಗಳು ವರ್ಷ ಇರ್ಬೇಕು, ಎಂಆರ್‌ಪಿ, ದೂರು ಕೊಡೋ ನಂಬರ್ ಎಲ್ಲ ಇರ್ಬೇಕು. ಆ ಒಂದು ಲೇಬಲ್‌ನಲ್ಲಿ ನಮಗೆ ಬೇಕಾಗಿದ್ದು ಮುಕ್ಕಾಲು ಪಾಲು ಇರುತ್ತೆ, ಅದನ್ನೇ ಗುಜರಿಗೆ ಹಾಕ್ತೀವಿ.

ಲೇಬಲ್ ಓದೋವಾಗ ಪದಗಳನ್ನ ಹುಷಾರಾಗಿ ನೋಡಿ. ಮ್ಯಾನುಫ್ಯಾಕ್ಚರ್ಡ್ ಬೈ ಅಂದ್ರೆ ಮಾಡಿದವರು. ಮಾರ್ಕೆಟೆಡ್ ಬೈ ಅಂದ್ರೆ ಮಾರೋರು ಅಷ್ಟೇ. ಪ್ಯಾಕ್ಡ್ ಬೈ ಅಂದ್ರೆ ಡಬ್ಬಕ್ಕೆ ತುಂಬಿದವರು. ಇಂಪೋರ್ಟೆಡ್ ಬೈ ಅಂದ್ರೆ ತರಿಸಿದವರು, ಅವರ ಗೋಡೌನ್ ಚೆನ್ನೈನಲ್ಲೋ ಮುಂಬೈನಲ್ಲೋ ಇದ್ರೆ ಸಾಮಾನು ಅಲ್ಲಿ ತಯಾರಾಯ್ತು ಅಂತಲ್ಲ. ಮ್ಯಾನುಫ್ಯಾಕ್ಚರ್ಡ್ ಫಾರ್ ಅಂತ ಇದ್ರೆ ಅದು ಇನ್ನೊಬ್ಬರು ಇವರಿಗೋಸ್ಕರ ಮಾಡಿಕೊಟ್ಟಿದ್ದು, ಆ ಇನ್ನೊಬ್ಬರ ಹೆಸರು ಅದೇ ಲೇಬಲ್ಲಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲಾದ್ರೂ ಇದೆಯಾ ಹುಡುಕಿ. ಡಿಸೈನ್ಡ್ ಇನ್ ಇಟಲಿ ಅಂತ ದಪ್ಪಕ್ಷರದಲ್ಲಿ ಇದ್ರೆ ಅದು ತಯಾರಾದ ಜಾಗ ಹೇಳ್ತಾ ಇಲ್ಲ. ಇನ್ನೊಂದು ಒಳ್ಳೆ ಅಂಶ ರೂಲ್ಸ್ ಒಳಗೇ ಇದೆ, ಇಂಥವರು ತಯಾರಿಸಿದ್ದು ಅಥವಾ ಪ್ಯಾಕ್ ಮಾಡಿದ್ದು ಅನ್ನೋ ಪದ ಏನೂ ಹಾಕದೆ ಬರೀ ಕಂಪನಿ ಹೆಸರು ವಿಳಾಸ ಮಾತ್ರ ಹಾಕಿದ್ರೆ ಅವರೇ ತಯಾರಕರು ಇಲ್ಲಾ ಪ್ಯಾಕ್ ಮಾಡಿದವರು ಅಂತಲೇ ಲೆಕ್ಕ, ಆಮೇಲೆ ನಮಗೆ ಸಂಬಂಧ ಇಲ್ಲ ಅನ್ನೋ ಹಾಗಿಲ್ಲ.

ಅಕ್ಕನ ಮನೆಯಲ್ಲೂ ಡಬ್ಬ ಎಲ್ಲ ಹೋಗಿತ್ತು, ಅಂದ್ರೆ ಹೋಗಿತ್ತು ಅಂತ ಅಂದ್ಕೊಂಡಿದ್ರು.

ಡಬ್ಬ ಇಲ್ಲ ಅಂದ್ರೆ ಸಾಮಾನನ್ನೇ ತಿರುಗಿಸಿ ನೋಡ್ಬೇಕು, ಮೊಬೈಲ್ ಟಾರ್ಚ್ ಹಾಕ್ಕೊಂಡು ನೆಲದ ಮೇಲೆ ಮಲಗೋದಕ್ಕೆ ರೆಡಿ ಇರಿ. ಚೇರಾದ್ರೆ ಸೀಟಿನ ಅಡಿ, ಟೇಬಲ್ಲಾದ್ರೆ ಹಲಗೆಯ ತಳ, ವಾರ್ಡ್‌ರೋಬಾದ್ರೆ ಹಿಂದಿನ ಶೀಟು ಮತ್ತೆ ಡ್ರಾಯರ್ ಪೂರ್ತಿ ಹೊರಗೆಳೆದು ಅದರ ತಳ ಮತ್ತೆ ಒಳಗಿನ ಗೋಡೆ, ಮಂಚಾದ್ರೆ ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್. ಸೋಫಾ ಆದ್ರೆ ಕೆಳಗಡೆ ಕಪ್ಪು ಬಟ್ಟೆ ಪಿನ್ ಹೊಡೆದಿರ್ತಾರೆ ನೋಡಿ, ಲೇಬಲ್ ಸಾಮಾನ್ಯವಾಗಿ ಅದರ ಮೇಲೇ ಇರುತ್ತೆ, ಇಲ್ಲಾಂದ್ರೆ ಕುಶನ್ ಜಿಪ್ ತೆಗೆದು ಒಳಗೆ ಹೊಲಿದಿರೋ ಪಟ್ಟಿ ನೋಡಿ. ಪ್ಲಾಸ್ಟಿಕ್ ಚೇರಾದ್ರೆ ಇನ್ನೂ ಸುಲಭ, ಸೀಟಿನ ಅಡಿಯಲ್ಲೇ ಕಂಪನಿ ಹೆಸರು ಅಚ್ಚಾಗಿರುತ್ತೆ, ಪಕ್ಕದಲ್ಲಿ ಗಡಿಯಾರದ ಥರ ಒಂದು ಸಣ್ಣ ಚಕ್ರ ಬಾಣದ ಗುರುತು ಇದ್ರೆ ಅದು ಅಚ್ಚು ಹಾಕಿದ ತಿಂಗಳು ವರ್ಷ. ಆಫೀಸ್ ಚೇರಾದ್ರೆ ಸೀಟಿನ ಕೆಳಗಿರೋ ಗ್ಯಾಸ್ ಸಿಲಿಂಡರ್ ಮೇಲೂ ಹೆಸರು ಇರಬಹುದು, ಆದ್ರೆ ಅದು ಸಿಲಿಂಡರ್ ಮಾಡಿದವರದ್ದು, ಚೇರು ಮಾಡಿದವರದ್ದಲ್ಲ. ಇದೇ ತಪ್ಪನ್ನ ಕಬ್ಬಿಣದ ಹಿಂಜ್, ಡ್ರಾಯರ್ ಚಾನೆಲ್ ವಿಷಯದಲ್ಲಿ ತುಂಬಾ ಜನ ಮಾಡ್ತಾರೆ. ಬಾಗಿಲ ಹಿಂಜ್ ಮೇಲೆ ಹೆಟ್ಟಿಚ್ ಅಂತಲೋ ಬ್ಲಮ್ ಅಂತಲೋ ಇದ್ರೆ ವಾರ್ಡ್‌ರೋಬೇ ಜರ್ಮನಿದು ಆಸ್ಟ್ರಿಯಾದ್ದು ಅಂತ ಹೇಳ್ಕೊಂಡು ತಿರುಗ್ತಾರೆ, ನಮ್ಮ ಏರಿಯಾ ಬಡಗಿಯೂ ಅದೇ ಹಿಂಜ್ ಅಂಗಡಿಯಿಂದ ತಂದು ಹಾಕ್ತಾನೆ.

ಹಾಗೇ ಬಾರ್‌ಕೋಡ್. 890ರಿಂದ ಶುರುವಾದ್ರೆ ಭಾರತದಲ್ಲಿ ತಯಾರಾದದ್ದು, 690ರಿಂದ 699 ಇದ್ರೆ ಚೈನಾದ್ದು ಅಂತ ವಾಟ್ಸಪ್‌ನಲ್ಲಿ ಒಂದು ಮೆಸೇಜ್ ವರ್ಷಾನುಗಟ್ಟಲೆಯಿಂದ ಓಡಾಡ್ತಾ ಇದೆ, ದಯವಿಟ್ಟು ನಂಬಬೇಡಿ. ಆ ಮೂರು ಅಂಕಿ ಹೇಳೋದು ಆ ಕಂಪನಿ ಬಾರ್‌ಕೋಡ್ ನಂಬರ್ ಕೊಡೋ ಜಿಎಸ್1 ಸಂಸ್ಥೆಯ ಯಾವ ದೇಶದ ಶಾಖೆಯಲ್ಲಿ ನಂಬರ್ ತಗೊಂಡಿದೆ ಅನ್ನೋದನ್ನ ಅಷ್ಟೇ. ಭಾರತದಲ್ಲಿ ರಿಜಿಸ್ಟರ್ ಆದ ಕಂಪನಿ ವಿಯೆಟ್ನಾಂನಲ್ಲಿ ಮಾಡಿಸಿ ತಂದ್ರೂ 890 ಹಾಕಬಹುದು.

ಬಾರ್‌ಕೋಡ್‌ಗಿಂತ ನನಗೆ ಇಷ್ಟವಾದ ಗುರುತು ಇನ್ನೊಂದಿದೆ. ಸಾಮಾನು ಮರದ ಕ್ರೇಟಿನಲ್ಲೋ ಪ್ಯಾಲೆಟ್ ಮೇಲೋ ಬಂದಿದ್ರೆ ಆ ಮರದ ಮೇಲೆ ಸುಟ್ಟಂಗೆ ಒಂದು ಮುದ್ರೆ ಇರುತ್ತೆ, ಗೋಧಿ ತೆನೆ ಚಿತ್ರ, ಪಕ್ಕದಲ್ಲಿ ಎರಡಕ್ಷರದ ದೇಶದ ಕೋಡು, ಒಂದು ನಂಬರು, ಎಚ್‌ಟಿ ಅಂತ. ಮರದ ಹುಳ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಇರೋ ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮದ ಮುದ್ರೆ ಅದು, ಎಚ್‌ಟಿ ಅಂದ್ರೆ ಬಿಸಿ ಕೊಟ್ಟು ಶುದ್ಧಿ ಮಾಡಿದ್ದು. ಕೋಡು ಸಿಎನ್ ಇದ್ರೆ ಚೈನಾ, ಎಂವೈ ಮಲೇಷ್ಯಾ, ವಿಎನ್ ವಿಯೆಟ್ನಾಂ, ಐಡಿ ಇಂಡೋನೇಷ್ಯಾ. ಇದೂ ಹೇಳೋದು ಕ್ರೇಟಿನ ಮರದ ವಿಷಯ, ಒಳಗಿನ ಫರ್ನಿಚರ್ ವಿಷಯ ಅಲ್ಲ, ಆದ್ರೂ ಪೂರ್ತಿ ಇಲ್ಲೇ ಮಾಡಿದ್ದು ಸಾರ್ ಅಂತ ಹೇಳಿದವರ ಡಬ್ಬದ ಕೆಳಗೆ ಸಿಎನ್ ಮುದ್ರೆ ಇದ್ರೆ ಒಂದು ಪ್ರಶ್ನೆ ಕೇಳೋಕೆ ಸಾಕು.

ಐಎಸ್ಐ ಮಾರ್ಕ್ ಇದ್ರೆ ನಿಮ್ಮ ಅರ್ಧ ಕೆಲಸ ಮುಗೀತು ಅಂತಲೇ. ಮಾರ್ಕಿನ ಮೇಲೆ ಐಎಸ್ ನಂಬರ್ ಇರುತ್ತೆ, ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆಪ್ ಫ್ರೀ ಸಿಗುತ್ತೆ, ಅದರಲ್ಲಿ ಲೈಸೆನ್ಸ್ ಪರಿಶೀಲಿಸೋ ಕಡೆ ಹೋಗಿ ಆ ನಂಬರ್ ಹಾಕಿದ್ರೆ ಲೈಸೆನ್ಸ್ ಯಾರದ್ದು, ವಿಳಾಸ ಏನು, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಬಂದುಬಿಡುತ್ತೆ. ಇದರ ವಿಶೇಷ ಏನಂದ್ರೆ ಲೈಸೆನ್ಸ್ ಕೊಡೋದು ಬ್ರ್ಯಾಂಡ್ ಹೆಸರಿಗಲ್ಲ, ಸಾಮಾನು ತಯಾರಾಗೋ ಫ್ಯಾಕ್ಟರಿಗೆ, ಅದಕ್ಕೇ ಇಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಫರ್ನಿಚರ್‌ಗೆ ಅಂತಲೇ 2022ರ ಸ್ಟ್ಯಾಂಡರ್ಡ್‌ಗಳಿವೆ, ಐಎಸ್ 17631 ಆಫೀಸ್ ಚೇರಿಗೆ, 17632 ಮಾಮೂಲಿ ಚೇರು ಸ್ಟೂಲಿಗೆ, 17633 ಟೇಬಲ್ ಡೆಸ್ಕಿಗೆ, 17634 ಬೀರು ಕಪಾಟಿಗೆ, 17635 ಮಂಚಕ್ಕೆ, 17636 ಬಂಕ್ ಬೆಡ್ಡಿಗೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇವನ್ನೆಲ್ಲ ಸೇರಿಸಿ ಫರ್ನಿಚರ್ ಕ್ವಾಲಿಟಿ ಕಂಟ್ರೋಲ್ ಆರ್ಡರ್ ಹೊರಡಿಸಿತು. ಪ್ಲೈವುಡ್ ಆದ್ರೆ ಐಎಸ್ 303 ಮಾಮೂಲಿದು, ಐಎಸ್ 710 ಮರೈನ್. ಇಲ್ಲಿ ಒಂದು ಎಚ್ಚರಿಕೆ, ಮಂಚದ ಅಡಿಯ ಪ್ಲೈ ಮೇಲೆ ಸಿಕ್ಕ ಸಿಎಂ/ಎಲ್ ನಂಬರ್ ಹಾಕಿ ಯಮುನಾನಗರದ್ದೋ ಪೆರುಂಬಾವೂರಿನದ್ದೋ ವಿಳಾಸ ಬಂದ್ರೆ ಅದು ಪ್ಲೈವುಡ್ ಫ್ಯಾಕ್ಟರಿ, ಎರಡೂ ಊರು ಪ್ಲೈವುಡ್‌ಗೇ ಹೆಸರುವಾಸಿ. ಮಂಚ ಕಟ್ಟಿದ್ದು ಬೇರೆ ಕಡೆ.

ಈಗ ಬಿಲ್ಲಿಗೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಕೈ ಹಿಡಿದಿದ್ದು ಇದೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಇರುತ್ತೆ, 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು, 29 ನಮ್ಮ ಕರ್ನಾಟಕ, 33 ತಮಿಳುನಾಡು, 32 ಕೇರಳ, 27 ಮಹಾರಾಷ್ಟ್ರ, 24 ಗುಜರಾತ್, 08 ರಾಜಸ್ಥಾನ, 09 ಉತ್ತರ ಪ್ರದೇಶ, 06 ಹರಿಯಾಣ. ಆಮೇಲಿನ 10 ಅಕ್ಷರ ಆ ಕಂಪನಿಯ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಲಾಗಿನ್ ಬೇಡ ದುಡ್ಡು ಬೇಡ, ನಂಬರ್ ಹಾಕಿ ಕ್ಯಾಪ್ಚಾ ಹೊಡೆದ್ರೆ ಕಂಪನಿಯ ನಿಜವಾದ ಹೆಸರು, ವಿಳಾಸ, ಯಾವಾಗ ರಿಜಿಸ್ಟರ್ ಆಗಿದ್ದು, ಮುಖ್ಯವಾಗಿ ಏನು ವ್ಯವಹಾರ ಅಂತ ಬರುತ್ತೆ. ಆ ಕೊನೇದನ್ನ ಗಮನ ಇಟ್ಟು ನೋಡಿ. ಫ್ಯಾಕ್ಟರಿ ಅಥವಾ ಮ್ಯಾನುಫ್ಯಾಕ್ಚರಿಂಗ್ ಅಂತ ಇದ್ರೆ ಅವರು ಎಲ್ಲೋ ಏನೋ ತಯಾರು ಮಾಡ್ತಾರೆ ಅಂತ, ಬರೀ ರಿಟೇಲ್, ಹೋಲ್‌ಸೇಲ್, ವೇರ್‌ಹೌಸ್ ಅಂತ ಇದ್ರೆ ಮಾರಾಟದವರು, ಇಂಪೋರ್ಟ್ ಅಂತ ಇದ್ರೆ ನಿಮಗೇ ಗೊತ್ತಾಯ್ತು. ನಮ್ಮದೇ ಸ್ವಂತ ಫ್ಯಾಕ್ಟರಿ ಸಾರ್ ಅಂತ ಎದೆ ತಟ್ಟಿಕೊಂಡು ಹೇಳಿದವರ ನಂಬರ್ ಹಾಕಿ ನೋಡಿದ್ರೆ ರಿಟೇಲ್ ಅಂತ ಮಾತ್ರ ಬಂದಿದ್ದೂ ಇದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಆ ನಂಬರಿನ ಮೂರನೇ ಅಕ್ಷರದಿಂದ ಹನ್ನೆರಡನೇ ಅಕ್ಷರದವರೆಗೆ ತಗೊಂಡ್ರೆ ಪ್ಯಾನ್ ಆಯ್ತಲ್ಲ, ಅದೇ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕೋದಕ್ಕೂ ಆಗುತ್ತೆ, ಆಗ ಆ ಕಂಪನಿ ದೇಶದಲ್ಲಿ ಯಾವ್ಯಾವ ರಾಜ್ಯದಲ್ಲಿ ರಿಜಿಸ್ಟರ್ ಆಗಿದೆ ಅಂತ ಪೂರ್ತಿ ಪಟ್ಟಿ ಬರುತ್ತೆ. ಬೆಂಗಳೂರಿನ ನಂಬರ್‌ನಲ್ಲಿ ರಿಟೇಲ್ ಮಾತ್ರ ಇದ್ದು ಅದೇ ಕಂಪನಿಯ ರಾಜಸ್ಥಾನದ ನಂಬರ್‌ನಲ್ಲಿ ಫ್ಯಾಕ್ಟರಿ ಅಂತ ಇದ್ರೆ ಎಲ್ಲಿ ಮಾಡ್ತಾರೆ ಅನ್ನೋದಕ್ಕೆ ಒಳ್ಳೆ ಸುಳಿವು. ಆ ವಿಳಾಸ ತಗೊಂಡು ಮ್ಯಾಪ್‌ನಲ್ಲಿ ಸ್ಯಾಟಲೈಟ್ ಹಾಕಿ ನೋಡಿ, ದೊಡ್ಡ ಶೆಡ್ಡು, ಲಾರಿ ನಿಲ್ಲೋ ಜಾಗ, ಮರದ ರಾಶಿ ಕಾಣುತ್ತಾ ಅಥವಾ ಅಪಾರ್ಟ್‌ಮೆಂಟಿನ ಮೂರನೇ ಮಹಡಿನಾ. ನಮ್ಮ ಚೇರಿನ ಕಥೆಯಲ್ಲಿ ಆಗಿದ್ದೂ ಇದೇ, ಬ್ರ್ಯಾಂಡಿನವರ ವಿಳಾಸ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿಯ ಆಫೀಸು, ಅಲ್ಲಿ ಒಂದು ಸ್ಟೂಲೂ ತಯಾರಾಗೋ ಹಾಗಿರಲಿಲ್ಲ.

ಬಿಲ್ಲಲ್ಲಿ ಎಚ್‌ಎಸ್‌ಎನ್ ಕೋಡೂ ನೋಡಿ, ಸಾಮಾನು ಯಾವ ಬಗೆಯದ್ದು ಅಂತ ಹೇಳೋ ನಂಬರ್ ಅದು, 9401 ಅಂದ್ರೆ ಕೂರೋ ಸಾಮಾನು, 9403 ಉಳಿದ ಫರ್ನಿಚರ್, 9404 ಹಾಸಿಗೆ. ಇದರಿಂದ ತಯಾರಾದ ಜಾಗ ಗೊತ್ತಾಗಲ್ಲ, ಆದ್ರೆ ದೂರು ಬರೆಯೋವಾಗ ಬೇಕಾಗುತ್ತೆ. 50 ಸಾವಿರದ ಮೇಲಿನ ಸಾಮಾನು ಲಾರಿಯಲ್ಲಿ ಬಂದ್ರೆ ಡ್ರೈವರ್ ಹತ್ರ ಇ-ವೇ ಬಿಲ್ ಇರುತ್ತೆ, ಎಲ್ಲಿಂದ ಹೊರಟಿದ್ದು ಅಂತ ಅದರಲ್ಲಿ ಇರುತ್ತೆ, ನೀರು ಕಾಫಿ ಕೊಟ್ಟು ಒಂದು ಫೋಟೋ ತಗೋತೀನಿ ಅಂತ ಕೇಳಿ, ಕೇಳಿದ್ರೆ ಸಾಮಾನ್ಯವಾಗಿ ಕೊಡ್ತಾರೆ. ಹೊರಟಿದ್ದು ಗೋಡೌನ್‌ನಿಂದ ಇರಬಹುದು, ಅದು ನೆನಪಿರಲಿ.

ಬಿಲ್ ಕಳೆದುಹೋಗಿದೆ, ಬ್ರ್ಯಾಂಡ್ ಹೆಸರು ಒಂದೇ ಗೊತ್ತು ಅನ್ನೋರಿಗೆ ಇನ್ನೊಂದು ದಾರಿ ಇದೆ, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್‌ನಲ್ಲಿ ಹೋಗಿ ಬ್ರ್ಯಾಂಡ್ ಹೆಸರು ಹಾಕಿ, ಕ್ಲಾಸ್ 20 ಅಂತ ಹಾಕಿ, ಫರ್ನಿಚರ್ ಬರೋದು ಆ ಕ್ಲಾಸಿನಲ್ಲಿ. ಆ ಹೆಸರಿನ ಮಾಲೀಕರು ಯಾರು, ಅವರ ವಿಳಾಸ ಏನು ಅಂತ ಬರುತ್ತೆ. ಇಟಲಿ ಹೆಸರಿನ ಬ್ರ್ಯಾಂಡಿನ ಮಾಲೀಕರು ನಮ್ಮೂರಿನವರೇ ಅಂತ ಗೊತ್ತಾಗೋದು ಇಲ್ಲೇ, ಅದರಲ್ಲಿ ತಪ್ಪೇನೂ ಇಲ್ಲ, ಆದ್ರೆ ದುಡ್ಡು ಕೊಡೋ ಮೊದಲು ಗೊತ್ತಿರ್ಬೇಕು. ಮಾಲೀಕರ ಹೆಸರು ಸಿಕ್ಕಮೇಲೆ ಎಂಸಿಎ, ಅಂದ್ರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿ ಮಾಸ್ಟರ್ ಡೇಟಾ ನೋಡಬಹುದು, ಕಂಪನಿಯ ಗುರುತಿನ 21 ಅಕ್ಷರದ ಸಿಐಎನ್ ನಂಬರ್ ಇರುತ್ತೆ, ಅದರ ಮಧ್ಯೆ ಎರಡಕ್ಷರ ರಾಜ್ಯದ್ದು, ಕೆಎ ಅಂದ್ರೆ ಕರ್ನಾಟಕ, ಅದರ ಪಕ್ಕದ ನಾಲ್ಕು ಅಂಕಿ ಕಂಪನಿ ರಿಜಿಸ್ಟರ್ ಆದ ವರ್ಷ. 1960ರಿಂದ ನಿಮ್ಮ ಸೇವೆಯಲ್ಲಿ ಅಂತ ಬೋರ್ಡ್ ಹಾಕ್ಕೊಂಡು ಸಿಐಎನ್‌ನಲ್ಲಿ 2019 ಇದ್ರೆ ಯಾಕೆ ಅಂತ ಕೇಳಿ, ಅಪ್ಪನ ಕಾಲದ ಅಂಗಡಿ ಆಮೇಲೆ ಕಂಪನಿ ಆಗಿರಲೂಬಹುದು.

ಶೇರ್ ಮಾರ್ಕೆಟ್‌ನಲ್ಲಿ ಇರೋ ಕಂಪನಿ ಆದ್ರೆ ಕಷ್ಟವೇ ಇಲ್ಲ, ಆನ್ಯುಯಲ್ ರಿಪೋರ್ಟ್ ತೆಗೆದು ಪ್ಲಾಂಟ್ ಲೊಕೇಶನ್ ಅಂತ ಹುಡುಕಿ, ಕೊನೆ ಪುಟಗಳಲ್ಲಿ ಪಟ್ಟಿ ಇರುತ್ತೆ. ನೀಲ್‌ಕಮಲ್‌ಗೆ ಮಹಾರಾಷ್ಟ್ರದ ಸಿನ್ನರ್, ಬಂಗಾಳದ ಬರ್ಜೋರಾ, ನಮ್ಮ ಪಕ್ಕದ ಹೊಸೂರು ಹೀಗೆ ಬೇರೆ ಬೇರೆ ಕಡೆ ಪ್ಲಾಂಟ್ ಇವೆ. ಬೆಂಗಳೂರಿನ ವೇಕ್‌ಫಿಟ್ 2025ರಲ್ಲಿ ಐಪಿಒಗೆ, ಅಂದ್ರೆ ಮೊದಲ ಸಲ ಜನರಿಗೆ ಶೇರು ಮಾರೋದಕ್ಕೆ, ಅಂತ ಕೊಟ್ಟ ಪತ್ರದಲ್ಲಿ ಬೆಂಗಳೂರು, ಹೊಸೂರು, ಹರಿಯಾಣದ ಸೋನಿಪತ್ ಫ್ಯಾಕ್ಟರಿಗಳ ವಿವರ ಇದೆ. ಐಪಿಒ ಪತ್ರ ಅಂದ್ರೆ ಹೂಡಿಕೆದಾರರಿಗೆ ಮಾತ್ರ ಅಂತ ಬಿಡಬೇಡಿ, ಯಾವ್ಯಾವುದು ಸ್ವಂತ ಮಾಡ್ತಾರೆ ಯಾವುದು ಹೊರಗೆ ಮಾಡಿಸ್ತಾರೆ ಅಂತ ಅಷ್ಟು ಬಿಡಿಸಿ ಜಾಹೀರಾತಿನಲ್ಲಿ ಯಾರೂ ಬರೆಯಲ್ಲ, ಯಾಕಂದ್ರೆ ಇಲ್ಲಿ ಸುಳ್ಳು ಬರೆದ್ರೆ ಶೇರ್ ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿಗೆ ಉತ್ತರ ಕೊಡ್ಬೇಕು.

ಐಕಿಯಾ ಬಗ್ಗೆ ತುಂಬಾ ಜನ ಕೇಳ್ತಾರೆ, ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಶುರುವಾದಾಗಿನಿಂದ ಮನೆ ಮನೆಗೂ ಒಂದಾದ್ರೂ ಸಾಮಾನು ಬಂದಿದೆ. ಸ್ವೀಡನ್ ಕಂಪನಿ, ಆದ್ರೆ ಸಾಮಾನು ಸ್ವೀಡನ್ನಿನದ್ದೇ ಆಗಬೇಕಿಲ್ಲ. ಅವರ ಲೇಬಲ್‌ನಲ್ಲಿ ಡಿಸೈನ್ ಅಂಡ್ ಕ್ವಾಲಿಟಿ ಐಕಿಯಾ ಆಫ್ ಸ್ವೀಡನ್ ಅಂತ ಇರೋದನ್ನ ಓದಿ ಖುಷಿಯಾಗಿ ಅಲ್ಲಿಗೇ ನಿಲ್ಲಿಸ್ಬೇಡಿ, ಅಲ್ಲೇ ಮೇಡ್ ಇನ್ ಅಂತ ದೇಶದ ಹೆಸರು ಬೇರೆ ಇರುತ್ತೆ. ಜೊತೆಗೆ 8 ಅಂಕಿಯ ಆರ್ಟಿಕಲ್ ನಂಬರ್, 5 ಅಂಕಿಯ ಸಪ್ಲೈಯರ್ ನಂಬರ್, 4 ಅಂಕಿಯ ದಿನಾಂಕದ ಕೋಡ್ ಇರುತ್ತೆ, 2314 ಅಂತ ಇದ್ರೆ 2023ರ 14ನೇ ವಾರ. ಒಂದೇ ಹೆಸರಿನ ಶೆಲ್ಫ್ ಎರಡು ಬೇರೆ ದೇಶದಲ್ಲಿ ತಯಾರಾಗಿರಬಹುದು, ಅದಕ್ಕೆ ಅಂಗಡಿಯಲ್ಲಿ ನೋಡಿದ ಪೀಸಿನ ಲೇಬಲ್ ಅಲ್ಲ, ನಿಮ್ಮ ಮನೆಗೆ ಬಂದ ಡಬ್ಬದ ಲೇಬಲ್ ಲೆಕ್ಕ.

ಮರ ಯಾವುದು ಅಂತ ಗೊತ್ತಾದ್ರೂ ಊರಿನ ಸುಳಿವು ಸಿಗುತ್ತೆ. ಶೀಶಂ, ಮಾವಿನ ಮರದ ಗಟ್ಟಿ ಫರ್ನಿಚರ್ ಆನ್‌ಲೈನ್‌ನಲ್ಲಿ ಮಾರ್ತಾರಲ್ಲ, ಅದರಲ್ಲಿ ಬಹುಪಾಲು ಜೋಧಪುರದ ಕಡೆಯದ್ದು, ಬೋರಾನಾಡಾ ಅಂತ ಅಲ್ಲಿ ಇಂಡಸ್ಟ್ರಿಯಲ್ ಏರಿಯಾ ಇದೆ. ಕೆತ್ತನೆ ಕೆಲಸ ಜಾಸ್ತಿ ಇದ್ರೆ ಉತ್ತರ ಪ್ರದೇಶದ ಸಹಾರನ್‌ಪುರ ಇರಬಹುದು. ಬಣ್ಣ ಬಣ್ಣದ ಅರಗಿನ ಕೆಲಸದ ಉಯ್ಯಾಲೆ ಚೇರು ಗುಜರಾತಿನ ಸಂಖೇಡಾದ್ದು. ತಿಳಿ ಹಳದಿ ಬಣ್ಣದ ರಬ್ಬರ್‌ವುಡ್ ಡೈನಿಂಗ್ ಸೆಟ್ ಆದ್ರೆ ಮಲೇಷ್ಯಾ ಕಡೆ ಯೋಚನೆ ಮಾಡಿ, ಅಲ್ಲಿ ಜೊಹೋರ್ ರಾಜ್ಯದ ಮುವಾರ್ ಅನ್ನೋ ಊರು ಫರ್ನಿಚರ್‌ಗೇ ಹೆಸರುವಾಸಿ. ಹಾಲು ಕೊಡೋದು ಕಮ್ಮಿಯಾದ ರಬ್ಬರ್ ಮರ ಕಡಿದು ಮಾಡೋದು ಇದು, ಮರ ಒಳ್ಳೇದೇ, ಆದ್ರೆ ಅದರಲ್ಲಿ ಪಿಷ್ಟ ಜಾಸ್ತಿ ಇರೋದ್ರಿಂದ ಕಡಿದ ತಕ್ಷಣ ಬೋರಾನ್ ಔಷಧಿ ಹೊಡೆದು ಕಿಲ್ನ್‌ನಲ್ಲಿ, ಅಂದ್ರೆ ಮರ ಒಣಗಿಸೋ ಬಿಸಿ ಕೋಣೆಯಲ್ಲಿ, ಸರಿಯಾಗಿ ಒಣಗಿಸದಿದ್ರೆ ಕುಟ್ಟೆ ಹಿಡಿಯುತ್ತೆ. ಅಕ್ಕನ ಮನೆ ಪುಡಿ ನೋಡಿದ ತಕ್ಷಣ ಪರಿಚಯದ ಬಡಗಿಯೊಬ್ಬರು ಇದು ರಬ್ಬರ್ ಮರ, ಔಷಧಿ ಸರಿಯಾಗಿ ಕುಡಿಸಿಲ್ಲ ಅಂದಿದ್ರು. ಅವರ ಆ ಒಂದು ಮಾತು ನನಗೆ ಎಷ್ಟೋ ದಾರಿ ಉಳಿಸ್ತು. ಎಲ್ಲಾ ಪೋರ್ಟಲ್ ತಿರುಗೋ ಮೊದಲು ಒಬ್ಬ ಅನುಭವಸ್ಥ ಬಡಗಿಗೆ ಸಾಮಾನು ತೋರಿಸಿ, ಜೋಡಣೆ, ಮೊಳೆ, ಪಾಲಿಶ್ ನೋಡೇ ಮೆಷಿನ್ ಕೆಲಸನಾ ಕೈ ಕೆಲಸನಾ ಅಂತ ಹೇಳಿಬಿಡ್ತಾರೆ.

ಇನ್ನೂ ತಗೊಂಡಿಲ್ಲ, ತಗೋಬೇಕು ಅಂತಿದ್ರೆ ನಿಮ್ಮ ಕೆಲಸ ಸುಲಭ. ಶೋರೂಮಲ್ಲಿ ಇದು ಇಂಪೋರ್ಟೆಡ್ಡಾ ಅಂತ ಕೇಳಬೇಡಿ, ಹೌದು ಅಂತಾರೆ. ಪೂರ್ತಿ ಸೋಫಾ ಹೊರಗಿಂದ ಬಂದಿದ್ದಾ, ಬಿಡಿ ಭಾಗ ತರಿಸಿ ಇಲ್ಲಿ ಜೋಡಿಸಿದ್ದಾ, ಬಟ್ಟೆ ಮಾತ್ರ ಹೊರಗಿನದ್ದಾ ಅಂತ ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. ಚರ್ಮವೋ ಬಟ್ಟೆಯೋ ಹೊರಗಿಂದ ತರಿಸಿ ಒಳಗಿನ ಫ್ರೇಮ್ ಇಲ್ಲೇ ಕಟ್ಟಿಸಿದ ಸೋಫಾಗೂ ಇಂಪೋರ್ಟೆಡ್ ಅಂತಲೇ ಹೇಳ್ತಾರೆ. ಡಿಸ್‌ಪ್ಲೇ ಪೀಸಿನ ಮೇಲೆ ಲೇಬಲ್ ಇರಲ್ಲ, ಗೋಡೌನಲ್ಲಿರೋ ಪ್ಯಾಕ್ ಪೀಸಿನ ಲೇಬಲ್ ಫೋಟೋ ವಾಟ್ಸಪ್ ಮಾಡಿ, ಆಮೇಲೆ ಅಡ್ವಾನ್ಸ್ ಕೊಡ್ತೀನಿ ಅನ್ನಿ. ತಯಾರಾದ ದೇಶ, ತಯಾರಕರ ಹೆಸರು ಬಿಲ್ಲಲ್ಲೇ ಬರೆದುಕೊಡಿ ಅಂತಲೂ ಕೇಳಿ, ಬಾಯಲ್ಲಿ ಹೇಳೋವಾಗ ಇರೋ ಧೈರ್ಯ ಬರೆಯೋವಾಗ ಎಷ್ಟು ಉಳಿಯುತ್ತೆ ಅಂತ ಅಲ್ಲೇ ಕಾಣುತ್ತೆ. ಆನ್‌ಲೈನ್ ಆದ್ರೆ ಕಂಟ್ರಿ ಆಫ್ ಒರಿಜಿನ್ ತೋರಿಸಲೇಬೇಕು, 2020ರ ಇ-ಕಾಮರ್ಸ್ ರೂಲ್ಸ್‌ನಲ್ಲಿದೆ, ಪೇಜಿನ ತೀರಾ ಕೆಳಗೆ ಸ್ಪೆಸಿಫಿಕೇಶನ್ ಅಥವಾ ಇತರೆ ಮಾಹಿತಿ ಅನ್ನೋ ಕಡೆ ಇಟ್ಟಿರ್ತಾರೆ, ಆರ್ಡರ್ ಮಾಡೋ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಇಷ್ಟೆಲ್ಲ ಮಾಡಿದ್ರೂ ಸಿಗಲಿಲ್ಲ ಅಂದ್ರೆ ಬರೆದು ಕೇಳಿ, ಫೋನ್ ಬೇಡ, ಇಮೇಲ್. ಉದ್ದ ಬೇಡ, ಹೀಗೆ ಸಾಕು: "ಇಂಥ ದಿನಾಂಕದ ಇಂಥ ಬಿಲ್ ನಂಬರಿನಲ್ಲಿ ಇಂಥ ಮಾಡೆಲ್ ಖರೀದಿ ಮಾಡಿದೀನಿ. ಇದನ್ನ ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ತಯಾರಾದ ತಿಂಗಳು ವರ್ಷ, ಹೊರದೇಶದ್ದಾದ್ರೆ ದೇಶದ ಹೆಸರು ಮತ್ತು ಆಮದು ಮಾಡಿದವರ ವಿಳಾಸ ಲಿಖಿತವಾಗಿ ಕೊಡಿ." ಆನ್‌ಲೈನ್ ಕಂಪನಿ ಆದ್ರೆ ಗ್ರೀವೆನ್ಸ್ ಆಫೀಸರ್‌ಗೇ ಕಳಿಸಿ, 48 ಗಂಟೆ ಒಳಗೆ ದೂರು ಬಂದಿದೆ ಅಂತ ಉತ್ತರ ಕೊಡ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪ್ಯಾಕ್ ಮೇಲೆ ಲೇಬಲ್ಲೇ ಇಲ್ಲ ಅಂದ್ರೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ತೂಕದ ಕಲ್ಲು ಪೆಟ್ರೋಲ್ ಬಂಕ್ ನೋಡೋರು ಅಂತ ಮಾತ್ರ ಅಂದ್ಕೊಂಡಿರ್ತೀವಿ, ಲೇಬಲ್ ವಿಷಯವೂ ಅವರದ್ದೇ.

ಅಮೆರಿಕದಲ್ಲಿರೋ ನಮ್ಮವರಿಗೆ ಒಂದೆರಡು ಮಾತು, ಚಿಕ್ಕಮ್ಮನ ಮಗ ಅಲ್ಲಿಂದ ಕೇಳಿದ್ದಕ್ಕೆ ಹುಡುಕಿದ್ದು. ಸೋಫಾ ಹಾಸಿಗೆಗೆ ಹೊಲಿದಿರೋ ಬಿಳಿ ಪಟ್ಟಿಯಲ್ಲಿ ರಿಜಿಸ್ಟ್ರೇಶನ್ ನಂಬರ್ ಇರುತ್ತೆ, ಅದರ ಕೊನೆಯಲ್ಲಿ ಸಿಎನ್, ವಿಎನ್ ಅಂತ ದೇಶದ ಕೋಡ್ ಇದೆಯಾ ನೋಡಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಸಾಮಾನಾದ್ರೆ ಟಿಎಸ್‌ಸಿಎ ಟೈಟಲ್ 6 ಲೇಬಲ್‌ನಲ್ಲಿ ಕಂಪನಿ ಹೆಸರು, ತಯಾರಾದ ತಿಂಗಳು ವರ್ಷ ಇರುತ್ತೆ, ಅದು ಫಾರ್ಮಾಲ್ಡಿಹೈಡ್ ವಾಸನೆಗೆ ಸಂಬಂಧಪಟ್ಟ ನಿಯಮ. ಹಡಗಿನಲ್ಲಿ ಬಂದ ಸರಕಿನ ದಾಖಲೆ ಅಲ್ಲಿ ಸಾರ್ವಜನಿಕ, ಇಂಪೋರ್ಟ್‌ಯೇತಿ ಅನ್ನೋ ಸೈಟಿನಲ್ಲಿ ಬ್ರ್ಯಾಂಡ್ ಕಂಪನಿ ಹೆಸರು ಹಾಕಿದ್ರೆ ಯಾವ ದೇಶದ ಯಾವ ಫ್ಯಾಕ್ಟರಿಯಿಂದ ತರಿಸ್ತಾರೆ ಅಂತ ಪಟ್ಟಿಯೇ ಬರಬಹುದು. ಅದು ನೋಡಿದಾಗ ನಮ್ಮಲ್ಲೂ ಇಷ್ಟು ಸುಲಭ ಇದ್ದಿದ್ರೆ ಅನ್ನಿಸ್ತು.

ಅಕ್ಕನ ಮನೆ ವಿಷಯ ಮುಗಿಸ್ತೀನಿ. ಬ್ರ್ಯಾಂಡಿನವರ ಜಿಎಸ್‌ಟಿಯಲ್ಲಿ ಫ್ಯಾಕ್ಟರಿ ಇಲ್ಲ ಅಂತ ಗೊತ್ತಾದ ಮೇಲೆ ಬೇರೆ ಏನಾದ್ರೂ ಇದೆಯಾ ನೋಡು ಅಂತ ಅಕ್ಕನಿಗೆ ಫೋನ್ ಮಾಡಿದೆ, ಅವಳು ಅಟ್ಟ ಹತ್ತಿ ನೋಡಿದ್ರೆ ಭಾವ ಹಳೇ ಪುಸ್ತಕ ಕಟ್ಟಿಡೋಕೆ ಅಂತ ಒಂದೇ ಒಂದು ಚೇರಿನ ಡಬ್ಬ ಉಳಿಸ್ಕೊಂಡಿದ್ರು. ಅದರ ಪಕ್ಕದಲ್ಲಿ ಲೇಬಲ್, ಮಲೇಷ್ಯಾ, ಇಂಪೋರ್ಟೆಡ್ ಬೈ ಅಂತ ಚೆನ್ನೈನ ಒಂದು ಕಂಪನಿ, ತಿಂಗಳು ವರ್ಷ, ಇಮೇಲ್ ಎಲ್ಲ ಇತ್ತು. ಪುಡಿಯ ವಿಡಿಯೋ, ಲೇಬಲ್ ಫೋಟೋ, ಬಿಲ್ ಸೇರಿಸಿ ಅವರಿಗೇ ನೇರ ಬರೆದ್ವಿ. ಆ ತಿಂಗಳ ಲಾಟಿನಲ್ಲೇ ತೊಂದರೆ ಇದೆ ಅಂತ ಅವರೇ ಒಪ್ಪಿಕೊಂಡ್ರು, ಇಪ್ಪತ್ತು ದಿನಕ್ಕೆ ನಾಲ್ಕು ಹೊಸ ಚೇರು ಬಂತು. ಈ ಸಲ ಡಬ್ಬದ ಲೇಬಲ್ ಕತ್ತರಿಸಿ, ಬಿಲ್ಲಿನ ಜೆರಾಕ್ಸ್ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಟೇಬಲ್ಲಿನ ಅಡಿಗೆ ಅಂಟಿಸಿದಾಳೆ.